ಕರಾಟೆಯ ಎಡಗೈಯನ್ನು ಎಬ್ಬಿಸುವ ನಾಲ್ಕಡಿ ಕೋಲು

[ಸಭಾಭವನದ ಸಿಮೆಂಟು ನೆಲ. ಹೊರಗೆ ಮಳೆಯ ಸದ್ದು. ಕ್ಯಾಮೆರಾ ಹುಡುಗಿಯೊಬ್ಬಳ ಎಡಗೈಯ ಮೇಲೆ ಮಾತ್ರ. ಮುಖ ಕಾಣಿಸುವುದಿಲ್ಲ.]

ನಮಸ್ಕಾರ. ಈ ಕೈಯನ್ನು ನೋಡಿ. ಗುದ್ದುತ್ತಿರುವುದು ಬಲಗೈ, ಅದರ ಬಗ್ಗೆ ನನ್ನ ತಕರಾರಿಲ್ಲ. ಅದೇ ಹೊತ್ತಿಗೆ ಎಡಗೈ ಮುಷ್ಟಿ ಕಟ್ಟಿಕೊಂಡು ಸೊಂಟಕ್ಕೆ ಬರಬೇಕಿತ್ತು. ಬಂದಿದೆಯೇ? ಮದುವೆ ಮನೆಯಲ್ಲಿ ಕುರ್ಚಿ ಸಿಗದವರ ಹಾಗೆ ಅರ್ಧ ದಾರಿಯಲ್ಲಿ ನಿಂತುಬಿಟ್ಟಿದೆ.

ಕರಾಟೆಯಲ್ಲಿ ಇದಕ್ಕೆ ಹಿಕಿತೆ ಎನ್ನುತ್ತಾರೆ. ಹಿಂದಕ್ಕೆ ಎಳೆಯುವ ಕೈ. ಈ ಹುಡುಗಿಗೆ ಎರಡು ವರ್ಷಗಳಿಂದ ಹೇಳಿದ್ದೇನೆ, ಗದರಿದ್ದೇನೆ, ಕನ್ನಡಿಯ ಮುಂದೆ ನಿಲ್ಲಿಸಿದ್ದೇನೆ. ಕೈಗೆ ಒಂದು ಕೋಲು ಕೊಟ್ಟ ದಿನ ಹತ್ತೇ ನಿಮಿಷದಲ್ಲಿ ಅವಳಿಗೇ ಗೊತ್ತಾಯಿತು. ಇಂದಿನ ವಿಡಿಯೋ ಆ ಕೋಲಿನ ಬಗ್ಗೆ.

[ಪೂರ್ಣ ತರಗತಿ. ಮಕ್ಕಳು ಸಾಲಾಗಿ ನಿಂತಿದ್ದಾರೆ. ಕಿಟಕಿಯಾಚೆ ಅಡಿಕೆ ತೋಟ.]

ನಾವಿರುವುದು ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ. ನಮ್ಮ ತರಗತಿಯಲ್ಲಿ ಎಣಿಕೆ ಜಪಾನಿಯಲ್ಲಿ, ವಿವರಣೆ ಕನ್ನಡದಲ್ಲಿ, ಮಕ್ಕಳ ಜಗಳ ತುಳುವಿನಲ್ಲಿ, ಪೋಷಕರ ವಾಟ್ಸ್‌ಆ್ಯಪ್ ಸಂದೇಶಗಳು ಮಲಯಾಳದಲ್ಲಿ. ಕೋಲಿನ ಪಾಠ ಶುರು ಮಾಡುತ್ತೇನೆ ಎಂದಾಗ ಮೊದಲ ಆಕ್ಷೇಪ ಆ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಬಂತು. "ಮಾಸ್ಟ್ರೇ, ಕರಾಟೆ ಎಂದರೆ ಬರಿಗೈ ಎಂದು ನೀವೇ ಹೇಳಿದ್ದಿರಿ. ಈಗ ದೊಣ್ಣೆ ಯಾಕೆ?"

ನ್ಯಾಯವಾದ ಪ್ರಶ್ನೆ. ಆದರೆ ಆ 'ಬರಿಗೈ' ಎಂಬ ಹೆಸರು ಅಷ್ಟೇನೂ ಹಳೆಯದಲ್ಲ. ಕರಾಟೆ ಹುಟ್ಟಿದ, ಜಪಾನಿನ ಒಕಿನಾವಾ ದ್ವೀಪದಲ್ಲಿ ಆ ಪದವನ್ನು ಮೊದಲು ಬರೆಯುತ್ತಿದ್ದ ಅಕ್ಷರಗಳಿಗೆ 'ಚೀನೀ ಕೈ' ಎಂದು ಅರ್ಥ. ಉಚ್ಚಾರ ಅದೇ ಇಟ್ಟುಕೊಂಡು ಅಕ್ಷರ ಬದಲಿಸಿ 'ಬರಿಗೈ' ಎಂದು ಬರೆಯುವುದನ್ನು ಅಲ್ಲಿನ ಹಿರಿಯ ಗುರುಗಳು ಒಟ್ಟಾಗಿ ಒಪ್ಪಿಕೊಂಡದ್ದು 1936ರ ಅಕ್ಟೋಬರ್‌ನಲ್ಲಿ, ನಾಹಾ ನಗರದ ಒಂದು ಸಭೆಯಲ್ಲಿ. ಅದಕ್ಕೂ ಮೊದಲು ಅದೇ ದ್ವೀಪದಲ್ಲಿ ಗುದ್ದು ಕಲಿಸುತ್ತಿದ್ದವರಲ್ಲಿ ಅನೇಕರು ಕೋಲನ್ನೂ ಕಲಿಸುತ್ತಿದ್ದರು. ಕರಾಟೆಯನ್ನು 1922ರಲ್ಲಿ ಟೋಕಿಯೋಗೆ ಕೊಂಡೊಯ್ದ ಗಿಚಿನ್ ಫುನಾಕೋಶಿಯವರ ಶಿಷ್ಯ ತೈರಾ ಶಿನ್‌ಕೆನ್ ತಮ್ಮ ಆಯುಷ್ಯದ ಬಹುಭಾಗವನ್ನು ಒಕಿನಾವಾದ ಆಯುಧ ಪಾಠಗಳನ್ನು ಹುಡುಕಿ ಉಳಿಸುವುದರಲ್ಲೇ ಕಳೆದರು. ಮೀನುಗಾರರು ದೋಣಿ ನಡೆಸುವ ಹುಟ್ಟು ಕೂಡ ಆ ಪಾಠಗಳಲ್ಲಿ ಒಂದು ಆಯುಧ. ಇದನ್ನು ಹೇಳಿದಾಗ ಕುಂಬಳೆ ಕಡಲ ಕಡೆಯಿಂದ ಬರುವ ನಮ್ಮ ಹುಡುಗನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಒಂದು ವಿಷಯವನ್ನು ಮುಚ್ಚಿಡಬಾರದು. ಒಕಿನಾವಾದವರ ಮುಖ್ಯ ಕೋಲು ಉದ್ದನೆಯದು. ಅದರ ಹೆಸರು ಬೋ, ಸುಮಾರು 182 ಸೆಂಟಿಮೀಟರ್. ನಾನು ಕಲಿಸುವ ಗಿಡ್ಡ ಕೋಲು, ಅಂದರೆ ಜೋ, ಬೇರೆ ಮನೆಯದು. ಅದು ಜಪಾನಿನ ಮುಖ್ಯ ಭೂಮಿಯಲ್ಲಿ ಕತ್ತಿಯವರ ಎದುರು ನಿಲ್ಲಲು ಬೆಳೆದ ವಿದ್ಯೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಮುಸೋ ಗೊನ್ನೊಸುಕೆ ಎಂಬಾತ ಪ್ರಸಿದ್ಧ ಕತ್ತಿವರಸೆಗಾರ ಮಿಯಾಮೊಟೊ ಮುಸಾಶಿಗೆ ಸೋತು, ಬೆಟ್ಟದಲ್ಲಿ ಕುಳಿತು ತಪಸ್ಸು ಮಾಡಿ ಈ ಅಳತೆಯ ಕೋಲನ್ನು ಕಂಡುಕೊಂಡ ಎಂಬುದು ಆ ಪರಂಪರೆಯ ಐತಿಹ್ಯ. ಸೋತವನು ಬೆಟ್ಟ ಹತ್ತಿ ವರ ಪಡೆದು ಬರುವ ಕಥೆ ಯಕ್ಷಗಾನ ನೋಡಿ ಬೆಳೆದ ನಮಗೇನೂ ಹೊಸದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಟೋಕಿಯೋದ ಪೊಲೀಸರು ಅದನ್ನು ಕಲಿತರು. ಆ ವಿದ್ಯೆ ನನಗೆ ಪೂರ್ತಿ ಗೊತ್ತಿದೆ ಎಂದು ನಾನು ಹೇಳಿಕೊಳ್ಳುವುದಿಲ್ಲ. ಅದರಿಂದ ನಾಲ್ಕು ಚಲನೆಗಳನ್ನು ಎರವಲು ತಂದಿದ್ದೇನೆ, ಕರಾಟೆಯ ಮೈಯನ್ನು ತಿದ್ದಲು. ಅಷ್ಟೇ.

[ಮೇಜಿನ ಮೇಲೆ ನಾಲ್ಕು ಕೋಲುಗಳು. ಕೈ ಒಂದೊಂದನ್ನೇ ಎತ್ತಿ ತೋರಿಸುತ್ತದೆ.]

ಮೊದಲು ಕೋಲು ಎಂಥದ್ದು ಎಂದು ನೋಡೋಣ. ಜೋ ಕೋಲಿನ ಅಳತೆ ಉದ್ದ 128 ಸೆಂಟಿಮೀಟರ್, ದಪ್ಪ 2.4 ಸೆಂಟಿಮೀಟರ್. ಆದರೆ ಹನ್ನೆರಡು ವರ್ಷದ ಮಗುವಿನ ಕೈಗೆ ಅದು ದೋಟಿಯಂತೆ ಕಾಣುತ್ತದೆ. ನೆಲದಿಂದ ಕಂಕುಳಿನವರೆಗೆ ಬಂದರೆ ಸಾಕು. ಇದಕ್ಕಿಂತ ಗಿಡ್ಡವಾದ ಹಾನ್‌ಬೋ ಸುಮಾರು 90 ಸೆಂಟಿಮೀಟರ್. ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಮಕ್ಕಳು ಅದನ್ನು ಒಂದೇ ಕೈಯಲ್ಲಿ ಹಿಡಿದು ಬೀಸತೊಡಗುತ್ತಾರೆ. ನಮಗೆ ಬೇಕಿರುವುದು ಎರಡು ಕೈಗಳ ಕೆಲಸ.

ಇದು ಅಡಿಕೆ ಮರದ ದಬ್ಬೆಯಿಂದ ಮಾಡಿದ್ದು. ಊರಿಡೀ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಎಷ್ಟೇ ಕೀಸಿದರೂ ಅದರ ನಾರು ಸೂಜಿಯಂತೆ ಏಳುತ್ತದೆ. ಬೇಡ. ಇದು ಬಿದಿರು. ಹಗುರ, ಚೆಂದ. ಪೆಟ್ಟು ತಿಂದು ಉದ್ದಕ್ಕೆ ಸೀಳಿದರೆ ಅಂಚು ಚೂರಿಯಾಗುತ್ತದೆ. ಅದೂ ಬೇಡ. ಈ ಮೂರನೆಯದು ಬೆತ್ತ. ಒಳಗೆ ಟೊಳ್ಳಿಲ್ಲ, ಮುರಿಯುವ ಮೊದಲು ತುದಿ ಪೊರಕೆಯಂತೆ ಬಿರಿದು ಎಚ್ಚರಿಕೆ ಕೊಡುತ್ತದೆ. ಜೋಡಿ ಅಭ್ಯಾಸಕ್ಕೆ ನಮ್ಮಲ್ಲಿ ಇದೇ. ನಾಲ್ಕನೆಯದು ಗಟ್ಟಿಮರದ್ದು, ಒಬ್ಬರೇ ಅಭ್ಯಾಸ ಮಾಡಲು ಮಾತ್ರ.

[ಹತ್ತಿರದ ದೃಶ್ಯ: ಹಳೆಯ ನೈಲಾನ್ ಕಾಲುಚೀಲದಿಂದ ಕೋಲನ್ನು ಸವರುವುದು. ಒಂದು ಕಡೆ ನೂಲು ಸಿಕ್ಕಿಕೊಳ್ಳುತ್ತದೆ.]

ತರಗತಿಗೆ ಮೊದಲು ಪ್ರತಿಯೊಬ್ಬರೂ ತಮ್ಮ ಕೋಲನ್ನು ಹೀಗೆ ಸವರಿ ನೋಡುತ್ತಾರೆ. ಕಣ್ಣಿಗೆ ಕಾಣದ ಸಿಬಿರು ಇಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು ಮಾತು, ದಯವಿಟ್ಟು ವಾರ್ನಿಷ್ ಹಚ್ಚಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿದ ಅಂಗೈ ವಾರ್ನಿಷ್ ಮೇಲೆ ಜಾರುವುದೇ ಇಲ್ಲ, ಅಂಟಿಕೊಳ್ಳುತ್ತದೆ. ಕೈ ಜಾರಬೇಕಾದಲ್ಲಿ ಜಾರದಿದ್ದರೆ ಕೋಲಿನ ಪಾಠ ಅಲ್ಲಿಗೇ ಮುಗಿಯಿತು. ಮರಳು ಕಾಗದದಲ್ಲಿ ಉಜ್ಜಿ, ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಒಣಗಿಸಿ.

[ಕಪ್ಪು ಹಲಗೆ. ಒಂದು ಉದ್ದ ಗೆರೆ, ಅದರ ಮೇಲೆ ಎರಡು ಚುಕ್ಕೆ.]

ಈಗ ಮೊದಲ ಚಲನೆ, ಮೇಲಿನಿಂದ ಹೊಡೆತ. ನಾನು ಹೆಚ್ಚು ಹೊತ್ತು ಕಲಿಸುವುದು ಇದನ್ನೇ. ಈ ಎರಡು ಚುಕ್ಕೆಗಳು ಎರಡು ಕೈಗಳು, ನಡುವಿನ ಅಂತರ 30 ಸೆಂಟಿಮೀಟರ್. ಮುಂದಿನ ಕೈಯಿಂದ ಕೋಲಿನ ತುದಿಗೆ 75 ಸೆಂಟಿಮೀಟರ್. ಹಿಂದಿನ ಕೈಯನ್ನು ಅಲ್ಲಾಡಿಸದೆ, ಮುಂದಿನ ಕೈಯನ್ನು 10 ಸೆಂಟಿಮೀಟರ್ ಮಾತ್ರ ತಳ್ಳಿ ಎಂದುಕೊಳ್ಳಿ. ತುದಿ ಸುಮಾರು 35 ಸೆಂಟಿಮೀಟರ್ ಚಲಿಸುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಕೈಯನ್ನೂ 10 ಸೆಂಟಿಮೀಟರ್ ಹೊಟ್ಟೆಯ ಕಡೆಗೆ ಎಳೆಯಿರಿ. ಈಗ ತುದಿ ಸುಮಾರು 60 ಸೆಂಟಿಮೀಟರ್ ಹೋಗುತ್ತದೆ. ಅದೇ ಮುಂದಿನ ಕೈ, ಅದೇ ಹೊತ್ತು. ಸೇರಿದ್ದು ಎಳೆದ ಕೈ ಮಾತ್ರ.

ಇದನ್ನು ಮಕ್ಕಳಿಗೆ ಹಲಗೆಯ ಮೇಲೆ ಹೇಳಿದರೆ ಆಕಳಿಸುತ್ತಾರೆ. ಕೋಲು ಕೊಟ್ಟು ಬೀಸಲು ಹೇಳಿ. ಎಳೆಯದಿದ್ದರೆ ಕೋಲಿನ ಸದ್ದು 'ಹುಫ್' ಎಂದು ಸೋತು ಬರುತ್ತದೆ, ತುದಿ ಗುರಿಯಲ್ಲಿ ನಿಲ್ಲದೆ ನೆಲದ ಕಡೆಗೆ ಬಾಗುತ್ತದೆ. ಎಳೆದರೆ 'ಸುಯ್' ಎನ್ನುತ್ತದೆ, ತುದಿ ಎದುರಾಳಿಯ ಹಣೆಯ ಎತ್ತರದಲ್ಲಿ ಗಕ್ಕನೆ ನಿಲ್ಲುತ್ತದೆ. ಬರಿಗೈಯಲ್ಲಿ ಗುದ್ದುವಾಗ ಎಡಗೈ ಸೋಮಾರಿಯಾದರೂ ಯಾರಿಗೂ ತಿಳಿಯದೆ ಹೋಗಬಹುದು. ಕೋಲು ಮಾತ್ರ ಕೂಡಲೇ ಚಾಡಿ ಹೇಳುತ್ತದೆ.

[ಎರಡನೆಯ ಚಲನೆ: ನೇರ ತಿವಿತ. ಬದಿಯಿಂದ ನಿಧಾನಗತಿಯಲ್ಲಿ.]

ಎರಡನೆಯದು ತಿವಿಯುವುದು. ಹಿಂದಿನ ಕೈ ತಳ್ಳುತ್ತದೆ, ಮುಂದಿನ ಕೈ ಬರೀ ಉಂಗುರ, ಕೋಲು ಅದರೊಳಗೆ ಜಾರಿ ಹೋಗುತ್ತದೆ. ಹಿಮ್ಮಡಿ ನೆಲದಿಂದ ಎದ್ದರೆ ಕೋಲಿನ ತುದಿ ನಡುಗುತ್ತದೆ. ಜೆನ್ಕುತ್ಸು ದಾಚಿಯಲ್ಲಿ, ಅಂದರೆ ಮುಂಗಾಲು ಬಗ್ಗಿಸಿ ಹಿಂಗಾಲು ಚಾಚಿ ನಿಲ್ಲುವ ಭಂಗಿಯಲ್ಲಿ, ಹಿಂಗಾಲು ಯಾಕೆ ನೆಲಕ್ಕೆ ಅಂಟಿರಬೇಕು ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ, ಗೋಡೆಗೆ ಒರಗಿಸಿದ ಹಳೆಯ ಟಯರನ್ನು ತೋರಿಸುತ್ತೇನೆ. ತಿವಿದು ನೋಡಲಿ. ಹಿಮ್ಮಡಿ ಸಡಿಲವಾಗಿದ್ದವನನ್ನು ಟಯರೇ ಹಿಂದಕ್ಕೆ ಕಳಿಸುತ್ತದೆ.

ಈ ತಿವಿತದಲ್ಲಿ ನಾನೇ ಒಂದು ಪಾಠ ಕಲಿತೆ. ಎಲ್ಲರ ತುದಿಯೂ ಅತ್ತಿತ್ತ ಓಡಾಡುತ್ತಿತ್ತು. ಮಗನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಒಬ್ಬರು, ಅಡಿಕೆ ಕೊಯ್ಯುವ ಕೆಲಸದವರು, ಸ್ವಲ್ಪ ಸಂಕೋಚದಿಂದಲೇ ಹೇಳಿದರು: "ಮಾಸ್ಟ್ರೇ, ಇವರೆಲ್ಲ ಕೈ ನೋಡುತ್ತಿದ್ದಾರೆ. ದೋಟಿ ಹಿಡಿದಾಗ ಕೈ ನೋಡಿದರೆ ಗೊನೆ ಸಿಗುವುದಿಲ್ಲ." ಮರದೆತ್ತರದ ದೋಟಿಯನ್ನು ನೆಲದಲ್ಲೇ ನಿಂತು ನಿಭಾಯಿಸಿ, ತುದಿಯ ಕತ್ತಿಯನ್ನು ಗೊನೆಯ ಬುಡಕ್ಕೇ ತಾಗಿಸುವವರ ಮಾತು ಅದು. ಅಂದಿನಿಂದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡಿಕೆಯಷ್ಟು ದೊಡ್ಡ ಚುಕ್ಕೆ ಇದೆ. ಕಣ್ಣು ಅಲ್ಲಿ.

[ಮೂರನೆಯದು: ಒಬ್ಬನ ಕೈಯಲ್ಲಿ ಬೆತ್ತ, ಇನ್ನೊಬ್ಬ ಬರಿಗೈ. ಮುಖಕವಚ, ಕೈಗವಸು ಸ್ಪಷ್ಟವಾಗಿ ಕಾಣಲಿ.]

ಮೂರನೆಯದು ದೂರದ ಪಾಠ. ಕೋಲಿನವನು ನಿಧಾನವಾಗಿ ತಿವಿಯುತ್ತಾನೆ, ಬರಿಗೈಯವನು ತುದಿ ಅಂಗಿಗೆ ತಾಗದಷ್ಟು ಮಾತ್ರ ಹಿಂದೆ ಸರಿಯಬೇಕು ಅಥವಾ ಓರೆಯಾಗಿ ಮುಂದೆ ನುಗ್ಗಬೇಕು. ಬರಿಗೈ ಅಭ್ಯಾಸದಲ್ಲಿ ಮಕ್ಕಳು ಒಂದೇ ದೂರಕ್ಕೆ ಒಗ್ಗಿಹೋಗಿರುತ್ತಾರೆ. ಕೋಲು ಎದುರಾದಾಗ ಆ ದೂರ ಸಾಲುವುದಿಲ್ಲ. ನೇರ ಹಿಂದೆ ಓಡಿದರೆ ಎರಡನೆಯ ತಿವಿತ ಹಿಂದೆಯೇ ಬರುತ್ತದೆ. ತುದಿಯನ್ನು ದಾಟಿ ಒಳಗೆ ಬಂದವನಿಗೆ ಕೋಲಿನ ಭಯ ಅರ್ಧ ಇಳಿಯುತ್ತದೆ. ಜಿತ್ತೆ ಎಂಬ ಕಾತಾದಲ್ಲಿ, ಅಂದರೆ ಒಬ್ಬರೇ ಮಾಡುವ ಚಲನೆಗಳ ಸರಣಿಯಲ್ಲಿ, ಕೈಗಳು ಏನನ್ನೋ ಹಿಡಿದು ತಿರುಗಿಸುವಂತೆ ಕಾಣುವ ಭಾಗವಿದೆ. ಅದನ್ನು ಕೋಲು ಹಿಡಿದು ಕಸಿಯುವ ಚಲನೆ ಎಂದು ಅನೇಕ ಗುರುಗಳು ವಿವರಿಸುತ್ತಾರೆ. ನಿಜವಾದ ಕೋಲನ್ನು ನಡುವೆ ಇಟ್ಟು ಮಾಡಿಸಿದ ಮೇಲೆ ನಮ್ಮ ಮಕ್ಕಳ ಜಿತ್ತೆ ಕೈ ಬೀಸಾಟವಾಗಿ ಉಳಿದಿಲ್ಲ.

ನಾಲ್ಕನೆಯದು ಕೈ ಬದಲಿಸುವುದು. ಬಲಗಡೆ ಮಾಡಿದ್ದನ್ನೆಲ್ಲ ಎಡಗಡೆಯೂ ಮಾಡಿ. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ, ಬೇಸರದ ಕೆಲಸ, ಮಾಡಲೇಬೇಕು.

[ಒಬ್ಬ ಹುಡುಗ ಕೋಲನ್ನು ಬೆರಳುಗಳ ನಡುವೆ ಗರಗರ ತಿರುಗಿಸುತ್ತಾನೆ. ಕೋಲು ಕೈತಪ್ಪಿ ಬೀಳುವ ಸದ್ದು.]

ಇದನ್ನು ನಾನು ಕಲಿಸುವುದಿಲ್ಲ. ರಂಗಸ್ಥಳದಲ್ಲಿ ವೇಷ ಬಿಲ್ಲು ತಿರುಗಿಸಿದರೆ ನಾನೂ ಬೆಳಗಿನ ಜಾವದವರೆಗೆ ಕಣ್ಣರಳಿಸಿ ನೋಡುತ್ತೇನೆ. ಇಲ್ಲಿ ಅದರಿಂದ ಕರಾಟೆಗೆ ನಯಾಪೈಸೆಯ ಲಾಭವಿಲ್ಲ.

ಯಾವಾಗ ಶುರು ಮಾಡಬೇಕು? ನಮ್ಮಲ್ಲಿ ಎರಡು ವರ್ಷ ಬರಿಗೈ ಆದ ಮೇಲೆ, ಒಂದೂವರೆ ಗಂಟೆಯ ತರಗತಿಯ ಕೊನೆಯ ಇಪ್ಪತ್ತು ನಿಮಿಷ, ವಾರಕ್ಕೊಮ್ಮೆ. ಮೊದಲ ವರ್ಷ ನಾನು ಅವಸರ ಮಾಡಿದೆ. ಆರು ತಿಂಗಳಷ್ಟೇ ಕಲಿತವರಿಗೆ ಕೈಗವಸು ಇಲ್ಲದೆ ಜೋಡಿ ಅಭ್ಯಾಸ ಮಾಡಿಸಿದೆ, ಒಬ್ಬನ ಹೆಬ್ಬೆರಳು ಊದಿಕೊಂಡು ಅವನು ಹದಿನೈದು ದಿನ ಪೆನ್ನು ಹಿಡಿಯಲಿಲ್ಲ. ಅವನ ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಕೋಲಿನ ಪೆಟ್ಟು ಮೊದಲು ಬೀಳುವುದೇ ಬೆರಳಿಗೆ. ಆದ್ದರಿಂದ ಗವಸು, ಮುಖಕವಚ, ಇಬ್ಬರ ನಡುವೆ ಎರಡು ಕೋಲಿನಷ್ಟು ಜಾಗ. ಛಾವಣಿ ತಗ್ಗಾಗಿದ್ದರೆ ಮೇಲಿನ ಹೊಡೆತ ಬೇಡ. ನಮ್ಮ ಒಂದು ಟ್ಯೂಬ್‌ಲೈಟ್ ಅದಕ್ಕೆ ಸಾಕ್ಷಿ.

[ಕೇರಳದ ಸಮರಕಲೆ ಕಲಿಸುವ ಕಳರಿಯ ಒಂದು ಸ್ಥಿರಚಿತ್ರ: ಇಳಿದು ಹೋಗುವ ಮೆಟ್ಟಿಲು, ಮೂಲೆಯಲ್ಲಿ ಪೂತ್ತರ ಎಂಬ ಪೂಜೆಯ ಪೀಠ, ಗೋಡೆಗೆ ಒರಗಿಸಿದ ಕೋಲುಗಳು.]

ಕೇರಳದಲ್ಲಿ ಕುಳಿತು ಕೋಲಿನ ಬಗ್ಗೆ ಮಾತನಾಡಿ ಕಳರಿಯನ್ನು ಬಿಟ್ಟರೆ ನೆರೆಮನೆಯವರು ಸುಮ್ಮನಿರುವುದಿಲ್ಲ. ಬಡಗು ಸಂಪ್ರದಾಯದ ಕಳರಿಪಯಟ್ಟುವಿನಲ್ಲಿ ಮುಚ್ಚಾಣ್ ಎಂಬ ಗಿಡ್ಡ ಕೋಲಿದೆ. ಹೆಸರಿನಲ್ಲೇ ಅಳತೆಯಿದೆ: ಮೂರು ಚಾಣ್, ನಮ್ಮ ಲೆಕ್ಕದಲ್ಲಿ ಮೂರು ಗೇಣು. ಅಲ್ಲಿನ ಪಾಠಕ್ರಮ ನೋಡಿ. ಮೊದಲು ಮೈ ಹದಗೊಳಿಸುವ ಮೈತ್ತಾರಿ, ಆಮೇಲೆ ಮರದ ಆಯುಧಗಳ ಕೋಲ್ತಾರಿ, ಆಮೇಲೆ ಲೋಹದ ಆಯುಧಗಳ ಅಂಗತ್ತಾರಿ. ಬರಿಗೈ ವಿದ್ಯೆಯಾದ ವೆರುಂಕೈ ಬರುವುದು ಕೊನೆಯಲ್ಲಿ. ನಾವು ಬರಿಗೈಯಿಂದ ಹೊರಟು ಕೋಲಿಗೆ ಬಂದೆವು. ಅವರು ಕೋಲು ಕತ್ತಿಗಳನ್ನು ದಾಟಿ ಬರಿಗೈಗೆ ಬರುತ್ತಾರೆ. ಇದನ್ನು ತಿಳಿದ ಮೇಲೆ ನಾನು ತರಗತಿಯ ಕೊನೆಯ ಐದು ನಿಮಿಷವನ್ನು ಬದಲಿಸಿದೆ. ಮೊದಲೆಲ್ಲ ಕೋಲಿನಲ್ಲೇ ಮುಗಿಸುತ್ತಿದ್ದೆ. ಈಗ ಕೋಲುಗಳನ್ನು ನೆಲದ ಮೇಲೆ ಇಡಿಸುತ್ತೇನೆ, ಕೈ ಬಿಸಿ ಆರುವ ಮೊದಲೇ ಹತ್ತು ಗುದ್ದು.

[ಮತ್ತೆ ಅದೇ ಹುಡುಗಿ. ಅವಳು ಬಾಗಿ ಕೋಲನ್ನು ನೆಲದ ಮೇಲಿಟ್ಟು ನಿಲ್ಲುತ್ತಾಳೆ. ಮಳೆ ಇನ್ನೂ ಸುರಿಯುತ್ತಿದೆ.]

ಇಚಿ. ನಿ. ಸಾನ್.

[ಕ್ಯಾಮೆರಾ ಎಡಗೈಯ ಮೇಲೇ ಇರಲಿ. ಬಲಗೈಯನ್ನು ತೋರಿಸಬೇಡಿ. ಹತ್ತರವರೆಗೆ ಕತ್ತರಿಸದೆ ಬಿಡಿ. ಏಳನೆಯದು ತಪ್ಪಿದೆ, ಅದನ್ನೂ ಉಳಿಸಿ.]