ಚದರಕ್ಕೆ ಎಷ್ಟು ಅಂತ ಕೇಳೋಕೆ ಮುಂಚೆ

ಕೇಳುಗರಿಗೆಲ್ಲಾ ನಮಸ್ಕಾರ. ಮನೆ ಕಟ್ಟೋ ಖರ್ಚು ಅಂದಾಜು ಮಾಡೋದು ಹೇಗೆ ಅಂತ ಹೇಳಿ ಅಂತ ಈ ಕಾರ್ಯಕ್ರಮದೋರು ಅಂದಿದ್ದಾರೆ. ನಾನು ಸಿವಿಲ್ ಇಂಜಿನಿಯರ್, ದಾವಣಗೆರೆ, ಹರಿಹರ ಈ ಕಡೆನೇ ಕೆಲಸ ಮಾಡ್ಕೊಂಡು ಬಂದವನು. ಸೈಟ್ ತಗೊಂಡು ಸುಮ್ನೆ ಬಿಟ್ಟಿರೋರು, ಮಗನ ಮದುವೆಗೆ ಮುಂಚೆ ಮೇಲೊಂದು ರೂಮ್ ಎತ್ತೋಣ ಅಂತಿರೋರು, ನೀವೇ ಕೇಳ್ತಿದ್ದೀರಿ ಅನ್ಕೊಂಡು ಮಾತಾಡ್ತೀನಿ.

ನಮ್ಮ ಆಫೀಸಿಗೆ ಬಂದೋರು ಕುರ್ಚಿ ಎಳ್ಕೊಳ್ಳೋಕೆ ಮುಂಚೆನೇ ಕೇಳೋದು, "ಸಾರ್, ಈಗ ಚದರಕ್ಕೆ ಎಷ್ಟು ನಡೀತಿದೆ?" ಚದರ ಅಂದ್ರೆ 100 ಚದರಡಿ, ಅದು ಎಲ್ಲರಿಗೂ ಗೊತ್ತು. ಆ ರೇಟಿನೊಳಗೆ ಏನೇನು ಸೇರಿದೆ ಅಂತ ಮಾತ್ರ ಯಾರೂ ಕೇಳಲ್ಲ. ಮದುವೆ ಅಡುಗೆಗೆ ಎಲೆಗೆ ಎಷ್ಟು ಅಂತ ಮಾತಾಡುವಾಗ ಎಷ್ಟು ಸ್ವೀಟು, ಪೂರಿನೋ ಚಪಾತಿನೋ, ಬೆಳಗಿನ ತಿಂಡಿ ಸೇರುತ್ತಾ ಅಂತ ಅರ್ಧ ಗಂಟೆ ಕೂತು ಚೌಕಾಸಿ ಮಾಡ್ತೀರಿ, ಜೀವಮಾನದ ದುಡಿಮೆ ಹಾಕಿ ಕಟ್ಟೋ ಮನೆಗೆ ಒಂದೇ ಒಂದು ನಂಬರ್ ಕೇಳಿ ಎದ್ದು ಹೋಗ್ತೀರಿ.

ಏನೇನು ಬೇಕು, ಎಷ್ಟೆಷ್ಟು ಬೇಕು, ಮೊದಲು ಬರೆಸ್ಕೊಳ್ಳಿ. ರೇಟು ಆಮೇಲೆ. ನಾನು ಹೇಳೋಕೆ ಬಂದಿರೋದೇ ಇಷ್ಟು.

ಒಬ್ಬ ರಿಟೈರ್ಡ್ ಮೇಷ್ಟ್ರು ಮತ್ತೆ ಅವರ ಮನೆಯವರು ಬಂದಿದ್ರು. 30-40 ಸೈಟು, ಗ್ರೌಂಡ್ ಫ್ಲೋರ್ ಮಾತ್ರ, 9 ಚದರ. ಕಂಟ್ರಾಕ್ಟರ್ ಬರೆದುಕೊಟ್ಟ ಒಂದು ಹಾಳೆ ತೋರಿಸಿದ್ರು, ಚದರಕ್ಕೆ 2 ಲಕ್ಷ, ಒಟ್ಟು 18 ಲಕ್ಷ, ಕೆಳಗೊಂದು ಸೈನ್, ಅಷ್ಟೇ. ಮೇಷ್ಟ್ರಿಗೆ ಖುಷಿ, ಗ್ರಾಚುಟಿ ದುಡ್ಡಲ್ಲಿ ಮುಗಿಯುತ್ತೆ ಅಂತ. ಪ್ಲಾನ್‌ಗೆ ಒಂದು ಸೈನ್ ಹಾಕಿಕೊಡಿ ಸಾರ್ ಸಾಕು ಅಂದ್ರು. ಆ ಅಮ್ಮ ಸುಮ್ನೆ ಕೂತಿದ್ದೋರು, ಮಧ್ಯದಲ್ಲಿ ಬಾಯಿ ಹಾಕಿ, "ಸಾರ್, ಸಂಪು ಯಾರ ಲೆಕ್ಕ?" ಅಂದ್ರು. ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಇನ್ನೊಂದ್ಸಲ ಟೀ ತರಿಸಿದೆ. ಇಂಥ ಪ್ರಶ್ನೆ ಕೇಳೋರೇ ಬೇಕಾಗಿರೋದು.

ಸಂಪು ಅಂದ್ರೆ ನೆಲದೊಳಗಿನ ನೀರಿನ ತೊಟ್ಟಿ, ಹಾಳೆಯಲ್ಲಿ ಅದು ಇರಲಿಲ್ಲ. 6 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ ಅಂದ್ರೆ 216 ಘನ ಅಡಿ, 6,000 ಲೀಟರ್ ಚಿಲ್ಲರೆ ನೀರು ಹಿಡಿಯುತ್ತೆ, ಅಗೆತ, ಕಂಬಿ, ಕಾಂಕ್ರೀಟ್ ಎಲ್ಲಾ ಬೇರೆ ಖರ್ಚು. ಕಾಂಪೌಂಡ್ ಇರಲಿಲ್ಲ. ಸುತ್ತ 140 ಅಡಿ, ಗೇಟಿಗೆ 10 ಅಡಿ ಬಿಟ್ರೆ 130 ಅಡಿ ಗೋಡೆ, ಅದಕ್ಕೂ ಪಾಯ ಬೇಕಲ್ವಾ? ಆಮೇಲೆ ನಾನು ಸೈಟ್ ನೋಡೋಣ ಬನ್ನಿ ಅಂತ ಕರ್ಕೊಂಡು ಹೋದೆ. ಹೋಗಿ ನೋಡಿದ್ರೆ ಎರೆಮಣ್ಣು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಅದರ ಮೇಲೆ ಪಾಯ ಕೂರಿಸಿದ್ರೆ ಗೋಡೆನೂ ಅದರ ಜೊತೆಗೇ ಬಿರುಕು ಬಿಡುತ್ತೆ. ಕಂಟ್ರಾಕ್ಟರ್ ಬಾಯಲ್ಲಿ ಹೇಳಿದ್ದು 4 ಅಡಿ ಪಾಯ, ಗುಂಡಿ ತೆಗೆಸಿ ನೋಡಿದ್ರೆ ಗಟ್ಟಿ ನೆಲ ಸಿಕ್ಕಿದ್ದು 7 ಅಡಿಗೆ. ಅದೂ ಅಲ್ದೆ ಸೈಟು ರೋಡಿಗಿಂತ ಎರಡೂವರೆ ಅಡಿ ತಗ್ಗು. ರೋಡ್ ಮೇಲೆ ಇನ್ನೆರಡು ಅಡಿ ಪ್ಲಿಂತ್, ಅಂದ್ರೆ ಮನೆಯ ನೆಲಮಟ್ಟ, ಎತ್ತಬೇಕು ಅಂದ್ರೆ ನಾಲ್ಕೂವರೆ ಅಡಿ ತುಂಬಿಸಬೇಕು. ಅಗೆದ ಎರೆಮಣ್ಣನ್ನೇ ವಾಪಸ್ ನೆಲದ ಕೆಳಗೆ ಹಾಕೋ ಹಾಗಿಲ್ಲ, ಗರಸು, ಅಂದ್ರೆ ಕಲ್ಲು ಬೆರೆತ ಗಟ್ಟಿ ಮಣ್ಣು, ತರಿಸಬೇಕು. 900 ಚದರಡಿಗೆ ನಾಲ್ಕೂವರೆ ಅಡಿ ಅಂದ್ರೆ 4,050 ಘನ ಅಡಿ, ಗೋಡೆ ಹಿಡಿಯೋ ಜಾಗ ಸ್ವಲ್ಪ ಕಳೀರಿ, ಆದ್ರೆ ನೀರು ಹಾಕಿ ದಿಮ್ಮಸ್ಸು ಹೊಡೆದ ಮೇಲೆ ಗರಸು ಕುಗ್ಗುತ್ತೆ, ಅದಕ್ಕೆ ಮತ್ತೆ ಸೇರಿಸಬೇಕು. ಟಿಪ್ಪರ್ ಮೇಲೆ ಟಿಪ್ಪರ್. ಇದು ಯಾವ ಚದರದ ರೇಟಲ್ಲಿದೆ ಹೇಳಿ?

ಅಲ್ಲೇ ಬೈಕ್ ಸೀಟ್ ಮೇಲೆ ನೋಟ್‌ಬುಕ್ ಇಟ್ಕೊಂಡು ಆ ಅಮ್ಮ ಬರ್ಕೊಳ್ತಾ ಹೋದ್ರು. ಅಗೆತ, ಗರಸು, ಸಂಪು, ಕಾಂಪೌಂಡ್, ಗೇಟು, ಕಿಟಕಿ ಗ್ರಿಲ್, ವಾರ್ಡ್‌ರೋಬ್, ಯುಜಿಡಿ ಅಂದ್ರೆ ಒಳಚರಂಡಿ ಕನೆಕ್ಷನ್, ಬೆಸ್ಕಾಂ ಕರೆಂಟ್ ಮೀಟರ್. ಲೆಕ್ಕ 26 ಲಕ್ಷ ದಾಟ್ತು. ಮೇಷ್ಟ್ರು ಮುಖ ಸಪ್ಪಗೆ ಮಾಡ್ಕೊಂಡ್ರು, ಆದ್ರೆ ಗುದ್ದಲಿ ಪೂಜೆ ಇನ್ನೂ ಆಗಿರಲಿಲ್ಲ ನೋಡಿ, ಪೆನ್ಸಿಲಲ್ಲೇ ಸರಿ ಮಾಡ್ಕೊಳ್ಳೋಕೆ ಆಯ್ತು. ಒಂದೂವರೆ ಚದರ ಕಡಿಮೆ ಮಾಡಿದ್ವಿ, ತೇಗ ಮುಂಬಾಗಿಲಿಗೆ ಮಾತ್ರ ಅಂತ ಮಾಡಿದ್ವಿ, ವಾರ್ಡ್‌ರೋಬ್ ಎರಡು ವರ್ಷ ಬಿಟ್ಟು ಮಾಡಿಸ್ತೀವಿ ಅಂದ್ರು. ಹಾಗೇ ಕಟ್ಟಿದ್ರು, ಈಗ ಅಲ್ಲೇ ಇದ್ದಾರೆ.

ಲೆಕ್ಕ ನಿಮಗೆ ಬರಲ್ಲ ಅನ್ಬೇಡಿ. ಉದ್ದ, ಅಗಲ, ದಪ್ಪ ಗುಣಿಸೋದಷ್ಟೇ. 9 ಚದರದ ಸ್ಲ್ಯಾಬ್, 5 ಇಂಚು ದಪ್ಪ ಅಂದ್ರೆ 375 ಘನ ಅಡಿ, ಹತ್ತೂವರೆ ಘನ ಮೀಟರ್ ಹತ್ರ. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಕಾಂಕ್ರೀಟಲ್ಲಿ ಒಂದು ಘನ ಮೀಟರ್‌ಗೆ 8 ಚೀಲ ಸಿಮೆಂಟ್ ಹಿಡೀರಿ, 85 ಚೀಲ ಬಂತು, ಬೀಮ್‌ದು ಬೇರೆ. ಕಂಬಿಗೆ ಇನ್ನೂ ಸುಲಭ, ದಪ್ಪ ಎಷ್ಟು ಎಂಎಂ ಅನ್ನೋದನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದ್ರೆ ಒಂದು ಮೀಟರ್‌ಗೆ ಎಷ್ಟು ಕೆಜಿ ಅಂತ ಬರುತ್ತೆ. 12 ಎಂಎಂ ಕಂಬಿ, 12 ಮೀಟರ್ ಉದ್ದದ್ದು, ಹತ್ತೂವರೆ ಕೆಜಿ ಮೇಲೆ ಸ್ವಲ್ಪ. ಲಾರಿಯಿಂದ ಇಳಿಸುವಾಗ ಎಣಿಸಿ, ಬಿಲ್ ಜೊತೆ ತಾಳೆ ಹಾಕಿ.

ಪ್ರಮಾಣ ಕೈಯಲ್ಲಿದ್ರೆ ರೇಟು ಬದಲಾದಾಗಲೂ ನಿಮಗೆ ತೊಂದರೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು. ಚೀಲ ಎಷ್ಟು ಅಂತ ಬರೆದಿಟ್ಟೋರು ಹೊಸ ರೇಟು ಹಾಕಿ ಕಂಟ್ರಾಕ್ಟರ್ ಜೊತೆ ಮಾತಾಡಬಹುದು. ಚದರದ ರೇಟ್ ಒಪ್ಪಿಕೊಂಡೋರು ಏನಂತ ಕೇಳ್ತೀರಿ?

ಟೈಮ್ ಆಗ್ತಾ ಬಂತು ಅಂತ ಕೈ ತೋರಿಸ್ತಿದ್ದಾರೆ, ಬೇಗ ಹೇಳಿಬಿಡ್ತೀನಿ. ಸಾಲ ತಗೊಳ್ಳೋರು, ಬ್ಯಾಂಕ್‌ನೋರು ದುಡ್ಡು ಒಂದೇ ಸಲ ಕೊಡಲ್ಲ, ಪಾಯ, ಲಿಂಟಲ್ ಅಂದ್ರೆ ಬಾಗಿಲು ಕಿಟಕಿ ಮೇಲಿನ ತೊಲೆ, ಸ್ಲ್ಯಾಬ್, ಫಿನಿಶಿಂಗ್ ಅಂತ ಹಂತ ಹಂತವಾಗಿ ಕೊಡ್ತಾರೆ, ಮೊದಲ ದುಡ್ಡು ನಿಮ್ಮದೇ ಹೋಗುತ್ತೆ, ಅದನ್ನ ರೆಡಿ ಇಟ್ಕೊಳ್ಳಿ. ಸ್ವಂತಕ್ಕೆ ಕಟ್ಟೋ ಮನೆ 10 ಲಕ್ಷ ದಾಟಿದ್ರೆ ಕಾರ್ಮಿಕರ ಸೆಸ್ 1 ಪರ್ಸೆಂಟ್ ಅಂತ 2025ರ ನವೆಂಬರ್‌ವರೆಗೆ ಇತ್ತು, ಈಗ ಆ ಮಿತಿ 50 ಲಕ್ಷ, ನಿಮ್ಮ ಖರ್ಚು ಅದನ್ನ ದಾಟಿದ್ರೆ ಸೆಸ್ಸನ್ನೂ ಬರ್ಕೊಳ್ಳಿ. ಹಳೇ ಮನೆ ಮೇಲೆ ಕಟ್ಟೋರು, ಟೈಲ್ಸ್ ಅಂಗಡಿಗೆ ಆಮೇಲೆ ಹೋಗಿ. ಮೊದಲು ಇಂಜಿನಿಯರ್‌ನ ಕರೆಸಿ ಒಂದು ಪಿಲ್ಲರ್ ಪಕ್ಕ ಅಗೆಸಿ ಫುಟಿಂಗ್, ಅಂದ್ರೆ ಪಿಲ್ಲರ್ ಕೂತಿರೋ ಬುಡ, ತೋರಿಸಿ, ಒಬ್ಬ ಆಳಿನ ಒಂದು ದಿನದ ಕೂಲಿ ಅಷ್ಟೇ. ಅದನ್ನ ನೋಡದೆ ಮೇಲಿನ ಮಹಡಿಗೆ ಯಾರಾದ್ರೂ ರೇಟು ಹೇಳಿದ್ರೆ ಅವರಿಗೆ ಅಡ್ವಾನ್ಸ್ ಕೊಡಬೇಡಿ. ನಮಸ್ಕಾರ.