ಒಂದೇ ಸ್ಕೇಲ್ ಸಾಕು, ಆದರೆ ಅದನ್ನು ಬೇಗ ಎತ್ತಿಕೊಳ್ಳಿ

ನಮಸ್ಕಾರ ಎಲ್ಲರಿಗೂ. ಹಿಂದೆ ಮಳೆ ಸದ್ದು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಜುಲೈ ತಿಂಗಳ ಶಿರಸಿ ಇದು, ನಿಲ್ಲಲಿ ಅಂತ ಕಾದರೆ ಈ ವಿಡಿಯೋ ಅಕ್ಟೋಬರ್‌ಗೆ ಬರುತ್ತದೆ.

ಇವತ್ತು ಪಾಠ ಕಮ್ಮಿ, ಜಗಳ ಜಾಸ್ತಿ. ಕ್ವಿಲ್ಟ್ ಬ್ಲಾಕ್‌ಗಳನ್ನು, ಅಂದರೆ ಬಟ್ಟೆ ತುಂಡು ಸೇರಿಸಿ ಹೊಲಿದು ಆಮೇಲೆ ಒಂದಕ್ಕೊಂದು ಜೋಡಿಸಿ ಹೊದಿಕೆ ಮಾಡುವ ಚೌಕಗಳನ್ನು, ಸ್ಕೇಲ್ ಇಟ್ಟು ಸರಿಯಾದ ಚೌಕ ಮಾಡುವ ವಿಷಯ. ಎರಡು ಥರದವರ ಜೊತೆ ನನಗೆ ಜಗಳ ಇದೆ. ಒಬ್ಬರು, "ನಮ್ಮ ಕಡೆ ಕೌದಿ ಹೊಲಿಯುವವರು ಯಾವತ್ತಾದರೂ ಸ್ಕೇಲ್ ಹಿಡಿದಿದ್ದಾರಾ, ನಮಗೆ ಎಂತಕ್ಕೆ?" ಅನ್ನುವವರು. ಇನ್ನೊಬ್ಬರು, ಮೊದಲನೇ ಬ್ಲಾಕ್ ಹೊಲಿಯುವ ಮುಂಚೆಯೇ ಚೌಕದ್ದು, ಉದ್ದದ್ದು, ತ್ರಿಕೋನದ್ದು, ದುಂಡಗಿಂದು ಅಂತ ಒಂದು ರಾಶಿ ಸ್ಕೇಲ್ ಆರ್ಡರ್ ಮಾಡಿ ಕೂತವರು.

ಮೊದಲು ಕೌದಿಯವರಿಗೆ ಉತ್ತರ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಅನ್ನುವ ಕೌದಿ ನೋಡಿದ್ದೀರಾ? ನಮ್ಮ ಜಿಲ್ಲೆಯಲ್ಲೇ ಇದ್ದು ನೋಡಿಲ್ಲ ಅಂದರೆ ದಯವಿಟ್ಟು ನೋಡಿ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅದನ್ನು ದಾಖಲಿಸಿ ಹೊರಗೆ ತೋರಿಸಿದ್ದಾರೆ, ಈಗ ಅಲ್ಲಿಯವರೂ ಕೂತು ಕವಂದಿ ಕಲಿಯುತ್ತಿದ್ದಾರೆ. ನಾವು ಮಾತ್ರ ಅದನ್ನು ಹಳೇ ಬಟ್ಟೆಯ ಹಾಸಿಗೆ ಅಂತ ಅಟ್ಟಕ್ಕೆ ಹಾಕಿದ್ದೇವೆ. ಅದು ಬೇರೆ ಸಿಟ್ಟು, ಬಿಡಿ.

ಕವಂದಿ ಹೊಲಿಯುವ ಕ್ರಮ ಹೀಗಿದೆ. ಕೆಳಗೆ ಹಳೇ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಬಟ್ಟೆ ತುಂಡಿನ ಅಂಚನ್ನು ಒಳಗೆ ಮಡಚಿ ಸೀರೆಯ ಮೇಲೆ ಇಡುತ್ತಾರೆ, ಮೇಲಿನದು ಕೆಳಗಿನದು ಎರಡನ್ನೂ ಹಿಡಿದು ಕೈಯಲ್ಲೇ ರನ್ನಿಂಗ್ ಸ್ಟಿಚ್ ಹಾಕುತ್ತಾ, ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಟ್ಟುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಪುಟ್ಟ ತ್ರಿಕೋನ ಕೂರಿಸುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ. ಇದರಲ್ಲಿ ಸ್ಕೇಲಿಗೆ ಕೆಲಸ ಎಲ್ಲಿದೆ ಹೇಳಿ? ಜಾಗ ಕಮ್ಮಿ ಬಿತ್ತಾ, ತುಂಡನ್ನು ಇನ್ನೊಂಚೂರು ಮಡಚಿದರಾಯಿತು. ಜಾಗ ಉಳಿಯಿತಾ, ಇನ್ನೊಂದು ತುಂಡು ಬಂತು. ಲೆಕ್ಕ ಎಲ್ಲಾ ಅಲ್ಲಲ್ಲೇ ಮುಗಿಯುತ್ತದೆ. ಎಲ್ಲೋ ಬೇರೆ ಕಡೆ ಹೊಲಿದಿಟ್ಟ ತುಂಡಿಗೆ ಇದು ಸರಿಹೊಂದಬೇಕು ಅನ್ನುವ ತಾಪತ್ರಯವೇ ಇಲ್ಲ.

ಬ್ಲಾಕ್ ಕ್ವಿಲ್ಟ್ ಪೂರ್ತಿ ಉಲ್ಟಾ. ಒಂದು ಬ್ಲಾಕನ್ನು ಇವತ್ತು ಹೊಲಿಯುತ್ತೀರಿ, ಇನ್ನೊಂದನ್ನು ಹಬ್ಬ ಕಳೆದ ಮೇಲೆ, ಮತ್ತೊಂದನ್ನು ಅಡಿಕೆ ಕೊಯ್ಲು ಮುಗಿದ ಮೇಲೆ. ಕೊನೆಗೆ ಎಲ್ಲವೂ ಅಕ್ಕಪಕ್ಕ ಕೂರಬೇಕು, ಮೂಲೆಗೆ ಮೂಲೆ ಸೇರಬೇಕು. ನಮ್ಮ ಪೇಟೆಯ ಟೇಲರ್ ಒಬ್ಬರಿಗೆ ಒಂದು ಬ್ಲಾಕ್ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ತಂಗೀ, ಬ್ಲೌಸಾದರೆ ಮೈಗೆ ಕೂರಿಸಬಹುದು, ಇದನ್ನು ಯಾವ ಮೈಗೆ ಕೂರಿಸುವುದು?" ಅಂದರು. ಸರಿಯಾದ ಪ್ರಶ್ನೆ! ಬ್ಲೌಸ್ ಬಿಗಿಯಾದರೆ ಮಾರ್ಜಿನ್ ಬಿಚ್ಚಬಹುದು. ಬ್ಲಾಕ್‌ಗೆ ಮೈ ಅಂದರೆ ಪಕ್ಕದ ಬ್ಲಾಕೇ. ಹಾಗಾಗಿ ಕವಂದಿಗೆ ಬೇಡದ ಸ್ಕೇಲ್ ಇದಕ್ಕೆ ಬೇಕು. ಇದರಲ್ಲಿ ಮೇಲು ಕೀಳು ಏನೂ ಇಲ್ಲ, ಎರಡನ್ನೂ ಕಟ್ಟುವ ರೀತಿಯೇ ಬೇರೆ. ಸ್ಕೇಲ್ ಕಂಡರೆ ಆಗುವುದೇ ಇಲ್ಲ ಅನ್ನುವವರು ಧಾರಾಳವಾಗಿ ಕವಂದಿ ಹೊಲಿಯಿರಿ. ಬ್ಲಾಕ್ ಹೊಲಿಯುತ್ತಾ ಸ್ಕೇಲ್ ಬೇಡ ಅನ್ನಬೇಡಿ, ಅಷ್ಟೇ.

ಈಗ ರಾಶಿ ಸ್ಕೇಲ್‌ನವರು. ಶುರುವಿಗೆ 12½ ಇಂಚಿನ ಒಂದೇ ಒಂದು ಚೌಕದ ಅಕ್ರಿಲಿಕ್ ಸ್ಕೇಲ್ ಸಾಕು. 12½ ಯಾಕೆ ಅಂದರೆ, ಕ್ವಿಲ್ಟ್‌ನಲ್ಲಿ ಹೊಲಿಗೆ ಮಾರ್ಜಿನ್ ಒಂದೊಂದು ಬದಿಗೂ ಕಾಲು ಇಂಚು. 12 ಇಂಚಿನ ಬ್ಲಾಕ್ ಅಂದರೆ ಪಕ್ಕದ ಬ್ಲಾಕ್‌ಗೆ ಸೇರಿಸಿ ಹೊಲಿದ ಮೇಲೆ ಕಾಣುವ ಅಳತೆ. ಸೇರಿಸುವ ಮುಂಚೆ ಅದು 12½ ಇರಲೇಬೇಕು. ಈ ಎರಡು ಅಳತೆ ಕಲಸಿಹೋದರೆ ಮುಂದಿನದೆಲ್ಲಾ ಕಲಸುಮೇಲೋಗರ. ಸ್ಕೇಲ್ ಮೇಲೆ ಮೂಲೆಯಿಂದ ಮೂಲೆಗೆ 45 ಡಿಗ್ರಿ ಗೆರೆ ಇದೆಯಾ ನೋಡಿ. ಇಲ್ಲದಿದ್ದರೆ ತಗೊಳ್ಳಬೇಡಿ. ಮಕ್ಕಳ ಕಂಪಾಸಿನ ತೆಳು ಸ್ಕೇಲ್ ಈ ಕೆಲಸಕ್ಕೆ ಬರುವುದಿಲ್ಲ, ಚಕ್ರದ ಹಾಗೆ ಉರುಳುವ ಬ್ಲೇಡಿನ ರೋಟರಿ ಕಟರ್ ಅದರ ಮೇಲೆ ಹತ್ತಿ ಸ್ಕೇಲನ್ನೇ ಕೆತ್ತಿಬಿಡುತ್ತದೆ, ಬೆರಳನ್ನೂ ಬಿಡುವುದಿಲ್ಲ. ಸುಮಾರು 3 ಮಿಲಿಮೀಟರ್ ದಪ್ಪ ಬೇಕು. ಸ್ಟೀಲ್ ಸ್ಕೇಲ್ ಇಟ್ಟರೆ ಬ್ಲೇಡಿನ ಮೊನೆ ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ, ಅದರ ಅಡಿಯ ಬಟ್ಟೆ ಕಾಣುವುದಿಲ್ಲ. ಅಡಿಯ ಹೊಲಿಗೆ ಕಾಣದಿದ್ದರೆ ಚೌಕ ಮಾಡುವುದು ಹೇಗೆ?

ನೇಮ್‌ಪ್ಲೇಟ್ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್ ತುಂಡು ಕತ್ತರಿಸಿ ತಂದು ಗೆರೆ ಎಳೆದುಕೊಳ್ಳುವವರೂ ಇದ್ದಾರೆ. ಮಾಡಬಹುದು. ಆದರೆ ಮೂಲೆ ನೆಟ್ಟಗಿದೆಯಾ ಅಂತ ಬಡಗಿಗಳು ಮೂಲೆಮಟ್ಟ ಪರೀಕ್ಷೆ ಮಾಡುವ ಹಾಗೆ ಪರೀಕ್ಷೆ ಮಾಡಿ. ಕಾಗದದ ಮೇಲೆ ಒಂದು ನೇರ ಗೆರೆ ಎಳೆಯಿರಿ. ಸ್ಕೇಲಿನ ಒಂದು ಬದಿಯನ್ನು ಅದಕ್ಕೆ ತಾಗಿಸಿ, ಇನ್ನೊಂದು ಬದಿಯ ಗುಂಟ ಮೇಲಕ್ಕೆ ಗೆರೆ ಎಳೆಯಿರಿ. ಈಗ ಸ್ಕೇಲನ್ನು ಮಗುಚಿ ಹಾಕಿ, ಅದೇ ಮೂಲೆಯನ್ನು ಅದೇ ಜಾಗದಲ್ಲಿಟ್ಟು ಮತ್ತೆ ಮೇಲಕ್ಕೆ ಎಳೆಯಿರಿ. ಎರಡೂ ಗೆರೆ ಒಂದರ ಮೇಲೊಂದು ಬಿದ್ದರೆ ಆ ಮೂಲೆ ಸರಿ, ಕತ್ತರಿಯ ಹಾಗೆ ಬಾಯಿ ಬಿಟ್ಟರೆ ವಾಪಸ್ ಕೊಡಿ.

ಕಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಇದನ್ನು ತಂದಿತು, ಅದಕ್ಕೂ ಮುಂಚೆ ಎಲ್ಲರದ್ದೂ ಕತ್ತರಿಯೇ. 45 ಮಿಲಿಮೀಟರ್ ಬ್ಲೇಡಿನದು ತಗೊಳ್ಳಿ, ಅದರಲ್ಲಿ ಕಾಗದ ಕತ್ತರಿಸಬೇಡಿ, ಕೆಳಗಿಟ್ಟ ತಕ್ಷಣ ಬ್ಲೇಡ್ ಮುಚ್ಚಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕೆಳಗಿಡುವುದೇ ಬೇಡ.

ಈಗ ನನ್ನ ಅಸಲಿ ತಕರಾರಿಗೆ ಬರುತ್ತೇನೆ. ಹೊಸಬರು ಸ್ಕೇಲನ್ನು ತೀರಾ ತಡವಾಗಿ ಎತ್ತಿಕೊಳ್ಳುತ್ತಾರೆ. ಬ್ಲಾಕ್ ಪೂರ್ತಿ ಹೊಲಿದಾಗಿದೆ, ಅಂಚು ಏರುಪೇರಾಗಿದೆ, ಆಗ ಸ್ಕೇಲ್ ಇಟ್ಟು ಹೊರಗೆ ಬಂದದ್ದನ್ನೆಲ್ಲಾ ಸರಕ್ ಅಂತ ಕತ್ತರಿಸುತ್ತಾರೆ. ಬ್ಲಾಕ್ ಚೌಕ ಆಯಿತು ಅಂತ ಖುಷಿ. ಆದದ್ದು ಅಂಚು ಮಾತ್ರ! ಒಳಗಿನ ಹೊಲಿಗೆ ಎಷ್ಟು ಸೊಟ್ಟ ಇತ್ತೋ ಅಷ್ಟೇ ಸೊಟ್ಟ ಇದೆ, ಅದು ಸಾಲದು ಅಂತ, ಬ್ಲಾಕ್‌ನಲ್ಲಿ ನಕ್ಷತ್ರದ ಡಿಸೈನ್ ಇದ್ದರೆ ಅದರ ತುದಿಗಳೂ ಅಂಚಿನ ಜೊತೆ ಕತ್ತರಿಸಿ ಹೋಗಿವೆ. ತುದಿಯ ಆಚೆ ಕಾಲು ಇಂಚು ಬಟ್ಟೆ ಉಳಿದಿರಬೇಕು. ಉಳಿದಿಲ್ಲ ಅಂದರೆ ಪಕ್ಕದ ಬ್ಲಾಕ್ ಸೇರಿಸಿದಾಗ ಆ ತುದಿ ಹೊಲಿಗೆಯೊಳಗೆ ಮಾಯ.

ಒಂದು ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಕೇಳಿ. ಒಂಬತ್ತು ಚೌಕದ ಸಾದಾ ಬ್ಲಾಕ್, ಒಂದೊಂದು ಚೌಕ 4½ ಇಂಚು. ಸರಿಯಾಗಿ ಹೊಲಿದರೆ 12½ ಬರಬೇಕು. ನಿಮ್ಮ ಮಾರ್ಜಿನ್ ಕಾಲು ಇಂಚಿಗಿಂತ ಬರೀ 1/16 ಇಂಚು ಜಾಸ್ತಿ ಹೋಯಿತು ಅಂದುಕೊಳ್ಳಿ. ಹೊಲಿಗೆಯ ಎರಡೂ ಬದಿಯ ಬಟ್ಟೆ ಅಷ್ಟಷ್ಟು ಒಳಗೆ ಹೋಗುತ್ತದೆ, ಅಂದರೆ ಒಂದು ಹೊಲಿಗೆಗೆ 1/8 ಇಂಚು ನಷ್ಟ. ಒಂದು ಸಾಲಿಗೆ ಎರಡು ಹೊಲಿಗೆ. ಬ್ಲಾಕ್ 12¼ ಆಯಿತು. ಇದರ ಪಕ್ಕ ಹೊಲಿಗೆಯೇ ಇಲ್ಲದ 12½ ಇಂಚಿನ ಸಾದಾ ಚೌಕ ಇಟ್ಟು ನೋಡಿ. ಈ ಕಾಲು ಇಂಚನ್ನು ಯಾವ ಸ್ಕೇಲೂ ವಾಪಸ್ ತರುವುದಿಲ್ಲ, ಸ್ಕೇಲಿಗೆ ಬಟ್ಟೆ ಕಮ್ಮಿ ಮಾಡುವುದು ಮಾತ್ರ ಗೊತ್ತು.

ಹಾಗಾಗಿ ಸ್ಕೇಲಿನ ಮೊದಲ ಕೆಲಸ ಬ್ಲಾಕ್ ಮೇಲಲ್ಲ, ಮಷಿನ್ ಮೇಲೆ. ಮನೆಯ ಹಳೇ ಕಾಲು ಮಷಿನ್ ಇರಲಿ, ಹೊಸ ಎಲೆಕ್ಟ್ರಿಕ್ ಇರಲಿ, ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್‌ನ ಅಂಚು ಸೂಜಿಯಿಂದ ಸರಿಯಾಗಿ ಕಾಲು ಇಂಚಿಗೇ ಇರುತ್ತದೆ ಅಂತ ನಂಬಬೇಡಿ. 1½ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಉದ್ದಕ್ಕೆ ಜೋಡಿಸಿ ಹೊಲಿದು, ಇಸ್ತ್ರಿ ಮಾಡಿ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ 3½ ಇಂಚು ಬರಬೇಕು. ಬರಲಿಲ್ಲವಾ, ಸೂಜಿಯ ಬಲಕ್ಕೆ ಮಷಿನ್ ಮೇಲೆ ಒಂದು ಟೇಪ್ ಅಂಟಿಸಿ, ಅದಕ್ಕೆ ಬಟ್ಟೆಯ ಅಂಚು ತಾಗಿಸಿ ಹೊಲಿದು, ಸರಿ ಬರುವ ತನಕ ಟೇಪನ್ನು ಅತ್ತಿತ್ತ ಸರಿಸಿ. ಅರ್ಧ ಗಂಟೆಯ ಕೆಲಸ ಇದು. ಇದನ್ನು ಮಾಡದೆ ಆಮೇಲೆ ಸ್ಕೇಲ್ ಹಿಡಿದು ಗುದ್ದಾಡುವವರನ್ನು ಕಂಡರೆ ನನಗೆ ಪಾಪ ಅನ್ನಿಸುವುದಿಲ್ಲ, ಸಿಟ್ಟೇ ಬರುತ್ತದೆ.

ಎರಡನೇ ಕೆಲಸ, ಬ್ಲಾಕ್ ಒಳಗಿನ ಚಿಕ್ಕ ತುಂಡುಗಳನ್ನು ಅಲ್ಲಲ್ಲೇ ಚೌಕ ಮಾಡುವುದು. ಎರಡು ಬಣ್ಣದ ತ್ರಿಕೋನ ಸೇರಿ ಆದ ಚೌಕ ಗೊತ್ತಲ್ವಾ, ನಕ್ಷತ್ರ, ಗಾಳಿಗಿರಗಿಟ್ಟಲೆ ಎಲ್ಲದರಲ್ಲೂ ಬರುವುದು ಅದೇ. ಸೇರಿಸಿ ಹೊಲಿದ ಮೇಲೆ 3 ಇಂಚು ಕಾಣುವ ತುಂಡು ಬೇಕು ಅಂದರೆ ಪುಸ್ತಕದ ಲೆಕ್ಕ 3⅞ ಇಂಚಿನ ಎರಡು ಚೌಕ ಕತ್ತರಿಸಿ ಅನ್ನುತ್ತದೆ. ಹೊಸಬರಿಗೆ ಆ ಲೆಕ್ಕ ಬೇಡ, ಅದರಲ್ಲಿ ಒಂದು ಕೂದಲಿನಷ್ಟೂ ತಪ್ಪುವ ಹಾಗಿಲ್ಲ. ಪೂರ್ತಿ 4 ಇಂಚೇ ಕತ್ತರಿಸಿ. ಒಂದರ ಮೇಲೊಂದಿಟ್ಟು ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿಯಿರಿ, ಗೆರೆಯ ಮೇಲೆ ಕತ್ತರಿಸಿ, ಬಿಡಿಸಿ, ಇಸ್ತ್ರಿ ಮಾಡಿ. ಎರಡು ತುಂಡು ಸಿಗುತ್ತವೆ. ಈಗ ಸ್ಕೇಲಿನ 45 ಡಿಗ್ರಿ ಗೆರೆಯನ್ನು ಸರಿಯಾಗಿ ಹೊಲಿಗೆಯ ಮೇಲೆ ಮಲಗಿಸಿ 3½ಕ್ಕೆ ಕತ್ತರಿಸಿ. ಎರಡು ಬದಿ ಮೊದಲು, ಆಮೇಲೆ ತುಂಡನ್ನು ಅರ್ಧ ಸುತ್ತು ತಿರುಗಿಸಿ, ಕತ್ತರಿಸಿದ ಬದಿಗಳನ್ನು 3½ರ ಗೆರೆಗೆ ಕೂರಿಸಿ ಉಳಿದೆರಡು ಬದಿ. ಅಂಚಿನಿಂದ ಹೋಗುವುದು ನೂಲಿನಂಥ ಚಿಂದಿ ಅಷ್ಟೇ. ಬಟ್ಟೆ ದಂಡ ಆಯಿತು ಅಂತ ಅಳಬೇಡಿ. ಇಂಥ ತುಂಡುಗಳನ್ನು ಸೇರಿಸಿ ಹೊಲಿದ ಬ್ಲಾಕ್‌ಗೆ ಕೊನೆಯಲ್ಲಿ ಸ್ಕೇಲ್ ಇಟ್ಟರೆ ಕತ್ತರಿಸಲಿಕ್ಕೆ ಏನೂ ಸಿಗುವುದಿಲ್ಲ, ಸುಮ್ನೆ ನೋಡಿ ಎತ್ತಿಡುವುದು.

ಹಾಂ, ತ್ರಿಕೋನ ಅಂದಾಗ ಗಂಜಿ ನೆನಪಾಯಿತು. ಬಟ್ಟೆ ಹಾಸು ಹೊಕ್ಕಿನ ದಿಕ್ಕಿನಲ್ಲಿ ಅಷ್ಟಾಗಿ ಹಿಗ್ಗುವುದಿಲ್ಲ, ಕ್ರಾಸ್ ಆಗಿ ಎಳೆದರೆ ಎಳೆದಷ್ಟೂ ಬರುತ್ತದೆ. ತ್ರಿಕೋನದ ಓರೆ ಅಂಚು ಅದೇ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆ ಮೇಲೆ ಉಜ್ಜಿ ಎಳೆದರೆ ಚೌಕ ಹೋಗಿ ಗಾಳಿಪಟ ಆಗುತ್ತದೆ, ಒತ್ತಬೇಕು, ಎತ್ತಬೇಕು, ಮತ್ತೆ ಒತ್ತಬೇಕು. ಕತ್ತರಿಸುವ ಮುಂಚೆಯೇ ಗಂಜಿ ಹಾಕಿದರೆ ಇನ್ನೂ ಒಳ್ಳೆಯದು. ಸ್ಪ್ರೇ ಡಬ್ಬಿಗೆ ದುಡ್ಡು ಕೊಡಬೇಕಾಗಿಲ್ಲ, ಅನ್ನ ಬಸಿದ ತಿಳಿಗಂಜಿ ನಮ್ಮ ಮನೆಗಳಲ್ಲಿ ದಿನಾ ಇರುತ್ತದಲ್ಲ, ಸೋಸಿ ತೆಳು ಮಾಡಿಕೊಳ್ಳಿ. ಒಂದೇ ಎಚ್ಚರಿಕೆ, ಗಂಜಿ ಹಾಕಿದ ಬಟ್ಟೆಯನ್ನು ಮಳೆಗಾಲದಲ್ಲಿ ಹಾಗೇ ಮಡಚಿಟ್ಟರೆ ಬೂಷ್ಟು ಬರುತ್ತದೆ, ಹುಳವೂ ಬರುತ್ತದೆ. ಘಟ್ಟದ ಕೆಳಗಿನವರು, ಕಾರವಾರ, ಕುಮಟಾ ಕಡೆಯವರು ಇನ್ನೂ ಹುಷಾರು. ಬೇಕಾದಷ್ಟಕ್ಕೇ ಹಾಕಿ, ಹೊಲಿದು ಮುಗಿದ ಮೇಲೆ ತೊಳೆಯಿರಿ. ಹೊಸ ಕಾಟನ್ ಆದರೆ ಇದೆಲ್ಲದಕ್ಕೂ ಮುಂಚೆ ಒಂದು ಸಲ ನೀರಿಗೆ ಹಾಕಿ ಒಣಗಿಸಿ, ಇಲ್ಲದಿದ್ದರೆ ನೀವು ಮಾಡಿದ ಚೌಕವನ್ನು ಮೊದಲ ಒಗೆತ ಕುಗ್ಗಿಸುತ್ತದೆ. ಹಳೇ ಸೀರೆಗೆ ಆ ಭಯ ಇಲ್ಲ, ಅದು ಕುಗ್ಗುವಷ್ಟು ಕುಗ್ಗಿ ಆಗಿದೆ.

ಇಷ್ಟೆಲ್ಲಾ ಆದ ಮೇಲೂ ಬ್ಲಾಕ್‌ನಲ್ಲಿ ಒಂಚೂರು ಏರುಪೇರು ಇರುತ್ತದೆ, ಒಪ್ಪಿದೆ. ಆಗ ಸ್ಕೇಲಿನ ಅಂಚು ನೋಡಬೇಡಿ, ಸ್ಕೇಲಿನ ನಡು ನೋಡಿ. 6¼ರ ಅಡ್ಡ ಗೆರೆ, 6¼ರ ಉದ್ದ ಗೆರೆ ಸೇರುವ ಜಾಗವನ್ನು ಬ್ಲಾಕ್‌ನ ನಟ್ಟನಡುವಿಗೆ ಇಡಿ. 45ರ ಗೆರೆ ಮೂಲೆಗಳತ್ತ ಹೋಗುತ್ತಿದೆಯಾ ನೋಡಿ. ನಾಲ್ಕೂ ಬದಿ ನೋಡಿ ಆದ ಮೇಲೆ ಕಟರ್ ಮುಟ್ಟಿ. ಕತ್ತರಿಸುವಾಗ ಕೆಳಗೆ ಹಾಸುವ ಮ್ಯಾಟ್ ಮೇಲಿನ ಗೆರೆಯನ್ನೂ ಸ್ಕೇಲಿನ ಗೆರೆಯನ್ನೂ ಬೆರೆಸಬೇಡಿ, ನಂಬುವುದಾದರೆ ಸ್ಕೇಲ್ ಒಂದನ್ನೇ ನಂಬಿ. ಮ್ಯಾಟ್ ಬಿಸಿಲಿಗೆ ಸೊಟ್ಟಗಾಗುತ್ತದೆ, ಕಿಟಕಿ ಪಕ್ಕ ಇಡಲೇಬೇಡಿ. ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳೆಯುವವರಿಗೆ ಒಂದು ಮಾತು. ನಾಲ್ಕೂ ಬದಿ ಸಮ ಇದ್ದು, ಎರಡೂ ಕಡೆ ಒಂದೇ ಅಳತೆ ಬಂದರೆ ಬ್ಲಾಕ್ ಸೊಟ್ಟಗಿಲ್ಲ ಅನ್ನುವುದು ನಿಜ, ಆದರೆ ನೀವು ಅಳೆಯುತ್ತಿರುವುದು ಕ್ರಾಸ್ ದಿಕ್ಕು. ಒಂಚೂರು ಎಳೆದು ಹಿಡಿದರೂ ಬಟ್ಟೆ ಸುಳ್ಳು ಹೇಳುತ್ತದೆ.

ಬ್ಲಾಕ್ ಚಿಕ್ಕದಾಗಿದ್ದರೆ? 12½ ಬರಬೇಕಾದದ್ದು 12¼ ಬಂದಿದ್ದರೆ? ಇಲ್ಲೇ ಎಲ್ಲರೂ ಒಂದು ಬುದ್ಧಿವಂತಿಕೆ ಮಾಡುತ್ತಾರೆ, ಉಳಿದ ಬ್ಲಾಕ್‌ಗಳನ್ನೂ 12¼ಕ್ಕೆ ಕತ್ತರಿಸುವುದು. ಬರೀ ಪಟ್ಟಿಗಳ ಬ್ಲಾಕ್ ಆದರೆ ನಡೆಯುತ್ತದೆ, ಯಾರಿಗೂ ಕಾಣುವುದಿಲ್ಲ. ನಕ್ಷತ್ರದ ಬ್ಲಾಕ್ ಆದರೆ ಒಂದು ಚಿಕ್ಕ ಬ್ಲಾಕ್ ಸಲುವಾಗಿ ಸರಿಯಾಗಿದ್ದ ಎಲ್ಲಾ ಬ್ಲಾಕ್‌ಗಳ ತುದಿ ತೆಗೆದ ಹಾಗೆ. ಮೊದಲು ಆ ಒಂದರ ಹೊಲಿಗೆ ಬಿಚ್ಚಿ ನೋಡಿ, ಮುಕ್ಕಾಲು ಪಾಲು ಮಾರ್ಜಿನ್ನೇ ಜಾಸ್ತಿ ಹೋಗಿರುತ್ತದೆ. ಬಿಚ್ಚಲು ಮನಸ್ಸಿಲ್ಲವಾ, ಸುತ್ತ ಒಂದೂವರೆ ಇಂಚಿನ ಪಟ್ಟಿ ಕೊಟ್ಟು, ಆಮೇಲೆ ಸ್ಕೇಲ್ ಇಟ್ಟು ಬೇಕಾದ ಅಳತೆಗೆ ಇಳಿಸಿ. ಬ್ಲಾಕ್ ದೊಡ್ಡದಾಗುತ್ತದೆ, ಹೌದು, ಹಾಗಾಗಿ ಎಲ್ಲಾ ಬ್ಲಾಕ್‌ಗೂ ಪಟ್ಟಿ ಕೊಡಬೇಕಾಗುತ್ತದೆ. ಕೊಡಿ. ಪಟ್ಟಿಗೆ ಬೇಕಾದ ಕಟ್‌ಪೀಸ್ ಯಾವ ಟೇಲರ್ ಅಂಗಡಿಯಲ್ಲಿ ಕೇಳಿದರೂ ಚೀಲ ತುಂಬಾ ಕೊಡುತ್ತಾರೆ.