ಅಂತಿಮ ನಿರ್ಧಾರ ಮನುಷ್ಯನದು ಎಂದರೆ ಸಾಕೇ?

ನಮಸ್ಕಾರ. ಯುದ್ಧದ ಯೋಜನೆಯಲ್ಲಿ ಮಷೀನ್ ಲರ್ನಿಂಗ್, ಅಂದರೆ ಹಳೆಯ ದತ್ತಾಂಶದಿಂದ ತಾನೇ ಕಲಿಯುವ ಯಂತ್ರ, ಬಳಸುವ ಮಾತು ಬಂದಾಗಲೆಲ್ಲ ಸೇನೆಗಳು ಕೊಡುವ ಸಮಾಧಾನ ಒಂದೇ: ಯಂತ್ರ ಸಲಹೆ ಕೊಡುತ್ತದೆ, ಅಂತಿಮ ನಿರ್ಧಾರ ಮನುಷ್ಯನದು. ಈ ಸಮಾಧಾನ ನನಗೆ ಸಾಲದು. ಸಲಹೆಯನ್ನು ತಿರಸ್ಕರಿಸಲು ಸಮಯ ಬೇಕು, ಅಧಿಕಾರ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಯಂತ್ರದ ಪರದೆಯ ಹೊರಗಿನಿಂದ ಬಂದ ತಿಳಿವಳಿಕೆ ಬೇಕು. ಇವಿಲ್ಲದ ಅಧಿಕಾರಿಯ ಒಪ್ಪಿಗೆ ಬರೀ ರುಜು.

ರಾಯಚೂರಿನವನಾದ್ದರಿಂದ ಈ ವಿಷಯವನ್ನು 1520ರ ಕದನದಿಂದಲೇ ಎತ್ತಿಕೊಳ್ಳುತ್ತೇನೆ. ನಮ್ಮ ಈ ಕೋಟೆಗಾಗಿ, ಕೃಷ್ಣಾ-ತುಂಗಭದ್ರಾ ನಡುವಿನ ಈ ದೋಆಬಿಗಾಗಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಎದುರಾದಾಗ ಆಳುಗಳ ಲೆಕ್ಕ ವಿಜಯನಗರದ ಕಡೆಗಿತ್ತು, ತೋಪುಗಳ ಲೆಕ್ಕ ಬಿಜಾಪುರದ ಕಡೆಗಿತ್ತು. ತೋಪುಗಳು ಒಮ್ಮೆಲೇ ಸಿಡಿದಾಗ ವಿಜಯನಗರದ ಮುಂಚೂಣಿ ಚದುರಿತು. ಅರಸನೇ ದಂಡನ್ನು ಮತ್ತೆ ಒಟ್ಟುಗೂಡಿಸಿ ಎದುರೇರಿದ ಮೇಲೆ ಕದನದ ದಿಕ್ಕು ಬದಲಾಯಿತು. ಯಾವ ಲೆಕ್ಕಕ್ಕೆ ಎಷ್ಟು ತೂಕ ಕೊಡಬೇಕಿತ್ತು ಎಂಬುದು ಎಲ್ಲ ಮುಗಿದ ಮೇಲಷ್ಟೇ ಸ್ಪಷ್ಟ. ಇನ್ನು ಅಂಕಿಗಳ ವಿಚಾರ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಎಷ್ಟೋ ವರ್ಷಗಳ ನಂತರ ಬರೆದ ವೃತ್ತಾಂತವು ರಾಯನ ಕಾಲಾಳುಗಳನ್ನೇ ಏಳು ಲಕ್ಷಕ್ಕೂ ಮೇಲೆ ಎಣಿಸುತ್ತದೆ. ಇತಿಹಾಸಕಾರರು ಅದನ್ನು ಇದ್ದ ಹಾಗೆಯೇ ನಂಬುವುದಿಲ್ಲ. ಯುದ್ಧದ ದತ್ತಾಂಶವೆಂದರೆ ಬಹುಪಾಲು ಇಂಥದೇ: ಗೆದ್ದವನು ತನ್ನ ನಷ್ಟವನ್ನು ಇಳಿಸಿ, ಸೋತವನು ಎದುರಾಳಿಯ ಬಲವನ್ನು ಏರಿಸಿ ಬರೆಸಿದ್ದು. ಅದರಿಂದ ಕಲಿಯುವ ಯಂತ್ರ ಆ ಉತ್ಪ್ರೇಕ್ಷೆಯನ್ನೂ ಕಲಿಯುತ್ತದೆ.

ತುಂಗಭದ್ರಾ ಜಲಾಶಯಕ್ಕೆ ನಾಳೆ ಎಷ್ಟು ನೀರು ಬಂದೀತೆಂದು ದಶಕಗಳ ಒಳಹರಿವಿನ ದಾಖಲೆ ನೋಡಿ ಅಂದಾಜಿಸಬಹುದು, ಏಕೆಂದರೆ ನಾವು ಅಳೆಯುತ್ತಿದ್ದೇವೆಂದು ತಿಳಿದು ನದಿ ತನ್ನ ನಡೆಯನ್ನು ಬದಲಿಸುವುದಿಲ್ಲ. ಶತ್ರು ಬದಲಿಸುತ್ತಾನೆ. 1999ರಲ್ಲಿ ಕೊಸೊವೊದಲ್ಲಿ ಯುಗೊಸ್ಲಾವ್ ಸೇನೆ ಹುಸಿ ಟ್ಯಾಂಕುಗಳನ್ನು ನಿಲ್ಲಿಸಿ ನ್ಯಾಟೊ ವಿಮಾನಗಳ ಬಾಂಬುಗಳನ್ನು ವ್ಯರ್ಥ ಮಾಡಿಸಿತು. ಟ್ಯಾಂಕು ಗುರುತಿಸುವ ಯಂತ್ರ ಬಂದ ಮರುದಿನವೇ ಆ ಯಂತ್ರವನ್ನು ವಂಚಿಸುವ ಟ್ಯಾಂಕು ತಯಾರಾಗುತ್ತದೆ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವುದು ಹಟವಾದೀತು. ಕೊಲ್ಲಿ ಬಿಕ್ಕಟ್ಟಿನಲ್ಲಿ, 1991ರಲ್ಲಿ, ಅಮೆರಿಕ ಬಳಸಿದ ಡಾರ್ಟ್ ಎಂಬ ಸಾಫ್ಟ್‌ವೇರ್ ವಾಹನ, ಸರಕು, ಜನ ಸೇರಿ 50,000ದವರೆಗಿನ ಘಟಕಗಳ ಸಾಗಣೆಯನ್ನು ಒಟ್ಟಿಗೆ ಯೋಜಿಸಿ, ವಾರಗಳ ಕೆಲಸವನ್ನು ಗಂಟೆಗಳಿಗೆ ಇಳಿಸಿತು. ಅದು ಕಲಿಯುವ ಯಂತ್ರವಲ್ಲ, ನಿಯಮಗಳ ಮೇಲೆ ನಡೆಯುವ ಯೋಜನಾ ತಂತ್ರ. ಎಂಜಿನ್ ಯಾವಾಗ ಕೈಕೊಟ್ಟೀತು, ಯಾವ ಬಿಡಿಭಾಗ ಎಲ್ಲಿ ಬೇಕಾದೀತು ಎಂಬಂಥ ಲೆಕ್ಕಗಳಿಗೆ ಇಂದಿನ ಮಷೀನ್ ಲರ್ನಿಂಗ್ ಒಗ್ಗುತ್ತದೆ. ತಪ್ಪಾದರೆ ಲಾರಿ ತಡವಾಗುತ್ತದೆ, ತಪ್ಪು ಕಣ್ಣಿಗೂ ಬೀಳುತ್ತದೆ. ಅಲ್ಲಿ ಗಳಿಸಿದ ನಂಬಿಕೆಯನ್ನು ಗುರಿ ಆರಿಸುವ ಕೆಲಸಕ್ಕೆ ಸಾಲವಾಗಿ ಕೊಡುವುದಕ್ಕೆ ನನ್ನ ತಕರಾರು.

2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ವೇಳೆ ಅಮೆರಿಕದ ಪೇಟ್ರಿಯಟ್ ಎಂಬ ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆ ಮಿತ್ರ ರಾಷ್ಟ್ರ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಶತ್ರು ಕ್ಷಿಪಣಿಯೆಂದು ವರ್ಗೀಕರಿಸಿತು. ಸಿಬ್ಬಂದಿ ಅದನ್ನು ನಂಬಿ ಹೊಡೆದರು, ಇಬ್ಬರು ವೈಮಾನಿಕರು ಸತ್ತರು. ಅಲ್ಲಿಯೂ ನಿರ್ಧಾರ ಮನುಷ್ಯನದೇ ಆಗಿತ್ತು. ಇದಕ್ಕೆ ವಿರುದ್ಧವಾಗಿ 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಎಚ್ಚರಿಕೆ ವ್ಯವಸ್ಥೆ ಐದು ಅಮೆರಿಕನ್ ಕ್ಷಿಪಣಿಗಳು ಹೊರಟಿವೆ ಎಂದಾಗ ಕರ್ತವ್ಯದಲ್ಲಿದ್ದ ಸ್ತಾನಿಸ್ಲಾವ್ ಪೆಟ್ರೋವ್ ಅದನ್ನು ಹುಸಿ ಎಂದು ವರದಿ ಮಾಡಿದರು. ಆ ವ್ಯವಸ್ಥೆಯ ಉಪಗ್ರಹವನ್ನು ದಾರಿ ತಪ್ಪಿಸಿದ್ದು ಮೋಡಗಳ ಮೇಲೆ ಪ್ರತಿಫಲಿಸಿದ ಬಿಸಿಲು. ಪೆಟ್ರೋವ್ ಅವರ ಬಳಿ ಇದ್ದುದು ಪರದೆಯಲ್ಲಿಲ್ಲದ ಒಂದು ತರ್ಕ: ಅಣ್ವಸ್ತ್ರ ಯುದ್ಧವನ್ನು ಯಾರೂ ಬರೀ ಐದು ಕ್ಷಿಪಣಿಗಳಿಂದ ಆರಂಭಿಸುವುದಿಲ್ಲ.

ಮನುಷ್ಯನೇ ಸದಾ ಸರಿ ಎಂಬ ವಾದ ಇದಲ್ಲ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆಯ ವ್ಯವಸ್ಥೆ ಇರಾನಿನ ಪ್ರಯಾಣಿಕ ವಿಮಾನ ಮೇಲೇರುತ್ತಿದೆ ಎಂದೇ ದಾಖಲಿಸುತ್ತಿತ್ತು. ಸಿಬ್ಬಂದಿ ಅದು ತಮ್ಮತ್ತ ಇಳಿಯುತ್ತಿದೆ ಎಂದು ಭ್ರಮಿಸಿದರು, ಹೊಡೆತಕ್ಕೆ ಸಿಕ್ಕ 290 ಜನರೂ ಸತ್ತರು. ಇವೆಲ್ಲ ಹಳೆಯ ಬಗೆಯ, ನಿಯಮ ಬರೆದಿಟ್ಟ ಯಂತ್ರಗಳು. ಅವುಗಳ ತಪ್ಪನ್ನು ತನಿಖಾಧಿಕಾರಿಗಳು ಬಿಚ್ಚಿ ನೋಡಬಲ್ಲರು. ಲಕ್ಷಾಂತರ ಸಂಖ್ಯೆಗಳಲ್ಲಿ ಕಲಿಕೆಯನ್ನು ಅಡಗಿಸಿಕೊಂಡ ಮಷೀನ್ ಲರ್ನಿಂಗ್ ಮಾದರಿಯೊಂದು ಏಕೆ ಹಾಗೆ ಹೇಳಿತೆಂದು ತಿಳಿಯುವುದು ಅದಕ್ಕಿಂತ ಬಹಳ ಕಷ್ಟ.

ನಮ್ಮಲ್ಲೂ ಈ ವಿಷಯ ಪರಿಶೀಲಿಸಿದ 2018ರ ಕಾರ್ಯಪಡೆಯ ನಂತರ ರಕ್ಷಣಾ ಕೃತಕ ಬುದ್ಧಿಮತ್ತೆ ಮಂಡಳಿ ರಚನೆಯಾಯಿತು. 2022ರ ಜುಲೈನಲ್ಲಿ ಕೃತಕ ಬುದ್ಧಿಮತ್ತೆಯ 75 ಉತ್ಪನ್ನಗಳು ಬಿಡುಗಡೆಯಾದವು. 2024ರ ಅಕ್ಟೋಬರ್‌ನಲ್ಲಿ ಅವುಗಳ ವಿಶ್ವಾಸಾರ್ಹತೆ ಅಳೆಯುವ ಮಾರ್ಗಸೂಚಿಯೂ ಬಂತು. ಒಳ್ಳೆಯದು. ಆದರೆ ಯಂತ್ರದ ಮುಂದೆ ಕೂರುವವರ ಪರೀಕ್ಷೆಯೂ ಆಗಲಿ. ಕಮಾಂಡರ್ ತನ್ನ ಅಂದಾಜನ್ನು ಮೊದಲು ಬರೆದಿಟ್ಟು ಆಮೇಲೆ ಯಂತ್ರದ ಸಲಹೆ ತೆರೆಯಲಿ. ತರಬೇತಿಯಲ್ಲಿ ಬೇಕೆಂದೇ ತಪ್ಪು ಸಲಹೆಗಳನ್ನು ಬೆರೆಸಿ, ಎಷ್ಟು ಜನ ಹಿಡಿಯುತ್ತಾರೆಂದು ನೋಡಲಿ. ಸಲಹೆಯನ್ನು ತಿರಸ್ಕರಿಸಿದ ಅಧಿಕಾರಿಯಿಂದ ಮಾತ್ರ ಕಾರಣ ಕೇಳುವ ಕಚೇರಿಯ ಚಾಳಿ ಇಲ್ಲಿಗೆ ಬರಬಾರದು. ಒಪ್ಪಿದವನೂ ಏಕೆ ಒಪ್ಪಿದೆನೆಂದು ತನ್ನದೇ ಮಾತಿನಲ್ಲಿ ಬರೆಯಲಿ, ಆ ಟಿಪ್ಪಣಿ ತನಿಖೆಯ ದಿನ ಕಡತದಲ್ಲಿ ಸಿಗಲಿ.